ಫ್ರೆಂಚಮ್ಮನ ರೆಕ್ಕೆ

ಫೆಬ್ರುವರಿ 3, ಸೋಮವಾರ

ಇವತ್ತು ನನ್ನ ಕೆಲಸ ಹೋಯಿತು. ಇಲ್ಲಿ ಅದನ್ನು ಯಾರೂ ಹಾಗೆ ಹೇಳುವುದಿಲ್ಲ. ಕೂರಿಸಿ, ಕಾಫಿ ಕೊಟ್ಟು, ದಾಲ್ಚಿನ್ನಿ ಬನ್ ಕೊಟ್ಟು, ಕೊನೆಗೆ 'ಕೆಲಸದ ಕೊರತೆ' ಎಂದು ಬರೆದ ಕಾಗದ ಕೊಟ್ಟರು. ಮ್ಯಾನೇಜರ್ ಹೆಂಗಸಿನ ಕಣ್ಣಲ್ಲಿ ನೀರು. ಅವಳನ್ನು ನಾನೇ ಸಮಾಧಾನ ಮಾಡಬೇಕಾಯಿತು. ಬೇರೇನೂ ತೋಚದೆ ಎರಡನೇ ಬನ್ನನ್ನೂ ತಿಂದೆ.

ಫೆಬ್ರುವರಿ 28 ಕೊನೆಯ ದಿನ. ಅಲ್ಲಿಂದ ಮೂರು ತಿಂಗಳೊಳಗೆ ಬೇರೆ ಕೆಲಸ ಸಿಗಬೇಕು. ಸಿಗದಿದ್ದರೆ ವರ್ಕ್ ಪರ್ಮಿಟ್ ಹೋಗುತ್ತದೆ, ಮನೆ ಖಾಲಿ ಮಾಡಬೇಕು, ಎರಡನೇ ಕ್ಲಾಸಿನ ಮಗಳು ಅವನಿಯನ್ನು ಅವಳ ಸ್ವೀಡಿಷ್ ಗೆಳತಿಯರ ನಡುವಿನಿಂದ ಎತ್ತಿಕೊಂಡು ಬೆಂಗಳೂರಿನ ವಿಮಾನ ಹತ್ತಬೇಕು. ಹೆಂಡತಿ ಅದಿತಿಗೆ ಇದನ್ನೆಲ್ಲ ಮೂರು ಸಲ ವಿವರಿಸಿದೆ. ನಾಲ್ಕನೇ ಸಲಕ್ಕೆ ಅವಳು, "ರೀ, ನನಗೆ ಅರ್ಥ ಆಗಿದೆ. ಇನ್ನು ನನ್ನ ತಲೆ ತಿನ್ನಬೇಡಿ. ಎಲ್ಲಾದ್ರೂ ಬರೆದಿಡಿ" ಅಂದಳು. ಅದಕ್ಕೇ ಈ ನೋಟುಬುಕ್ಕು.

ಬರೆಯುವವನ ಪರಿಚಯವೂ ಇರಲಿ. ಲಕ್ಷ್ಮೀನಾರಾಯಣ, ನಲವತ್ತೊಂದು ವರ್ಷ. ಹದಿನೇಳು ವರ್ಷಗಳಿಂದ ಕ್ರೇನು, ಸೇತುವೆ, ಕಾಗದದ ಕಾರ್ಖಾನೆಯ ಯಂತ್ರಗಳ ಬಲದ ಲೆಕ್ಕ ಹಾಕುತ್ತಿದ್ದೇನೆ. ಎಷ್ಟು ಭಾರ ತಾಳುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಹೇಳುವುದು ನನ್ನ ಹೊಟ್ಟೆಪಾಡು. ಬೇರೆ ವಿಷಯದಲ್ಲಿ ನಾನು ಹರಿಶ್ಚಂದ್ರನಲ್ಲ, ಆದರೆ ಒಂದು ಅಂಕಿಯನ್ನೂ ಇವತ್ತಿನವರೆಗೆ ಯಾರ ಮುಖ ನೋಡಿಯೂ ಬದಲಾಯಿಸಿಲ್ಲ.

ಫೆಬ್ರುವರಿ 9, ಭಾನುವಾರ

ರಾಜಶೇಖರ ಅವರ ಮನೆಯಲ್ಲಿ ಊಟ. ಸ್ವೀಡನ್ನಿನ ಈ ಕಾರ್ಲ್‌ಸ್ಟಾಡ್‌ಗೆ ನಮಗಿಂತ ಇಪ್ಪತ್ತೈದು ವರ್ಷ ಮೊದಲೇ ಬಂದು ನೆಲೆಸಿದವರು. ಅವರ ಹೆಂಡತಿ ಮಾಲತಿ ಮಾಡುವ ಹುಳಿಯ ಆಸೆಗೆ ನಾವೆಲ್ಲ ಹಬ್ಬವಿಲ್ಲದಿದ್ದರೂ ಅಲ್ಲಿಗೆ ಹೋಗುತ್ತೇವೆ. ಮಗಳು ದೀಪ್ತಿ ಇಲ್ಲೇ ಹುಟ್ಟಿದವಳು, ಇಪ್ಪತ್ತೊಂಬತ್ತು ವರ್ಷ, ಪೈಲಟ್. ಬೇಸಿಗೆಯಲ್ಲಿ ಕಾಡಿನ ಮೇಲೆ ಹಾರಾಡಿ ಎಲ್ಲಿ ಹೊಗೆ ಎದ್ದಿದೆ ಎಂದು ನೋಡುವುದು ಅವಳ ಕೆಲಸ. ನೀರಿನ ಮೇಲೆ ಇಳಿಯುವ ವಿಮಾನಗಳೆಂದರೆ ಅವಳಿಗೆ ಹುಚ್ಚು.

"ಅಂಕಲ್, ಮನೇಲಿ ಕೂತು ಲಿಂಕ್ಡ್‌ಇನ್ ನೋಡಿ ನೋಡಿ ಡಿಪ್ರೆಸ್ ಆಗ್ತೀರಾ. ನಮ್ಮ ವಿಮಾನ ಸಂಘಕ್ಕೆ ಬನ್ನಿ. ಅಲ್ಲಿ ನಿಮ್ಮಂಥವರು ಒಬ್ರು ಬೇಕೇ ಬೇಕು" ಎಂದು ಊಟದ ಕೈ ತೊಳೆಯುತ್ತಲೇ ನನ್ನನ್ನು ಕಾರಿಗೆ ಹತ್ತಿಸಿದಳು.

ಸರೋವರದ ದಂಡೆಯಲ್ಲಿ ಹಳೆಯ ದೋಣಿ ಶೆಡ್. ಒಳಗೆ ಬೆಳ್ಳಿ ಬಣ್ಣದ ಒಂಟಿ ಸೀಟಿನ ವಿಮಾನ. ಮೂತಿಯಲ್ಲಿ ದುಂಡನೆಯ ಎಂಜಿನ್ನು, ಚಕ್ರದ ಬದಲು ಹೊಟ್ಟೆಯ ಕೆಳಗೆ ದೋಣಿಯಷ್ಟೇ ದೊಡ್ಡ ತೇಲುವ ಡಬ್ಬ, ರೆಕ್ಕೆಗಳ ಕೆಳಗೆ ಇನ್ನೆರಡು ಚಿಕ್ಕವು. 1935ರಲ್ಲಿ ಫ್ರೆಂಚರು ಮೊದಲ ಸಲ ಹಾರಿಸಿದ ಯುದ್ಧವಿಮಾನವೊಂದರ ಪ್ರತಿರೂಪ ಇದು. ಯುದ್ಧನೌಕೆಯ ಮೇಲೆ ಹಳಿ ಹಾಕಿ, ಕವಣೆಯಿಂದ ಕಲ್ಲು ಬೀಸಿದ ಹಾಗೆ ಇದನ್ನು ಗಾಳಿಗೆ ಚಿಮ್ಮಿಸುತ್ತಿದ್ದರಂತೆ. ಸಂಘದ ಹನ್ನೊಂದು ಜನ ಒಂಬತ್ತು ವರ್ಷ ಕೂತು ಕಟ್ಟಿದ್ದಾರೆ. ಸ್ವೀಡಿಷ್‌ನಲ್ಲಿ ಅದಕ್ಕೆ 'ಫ್ರೆಂಚ್ ಹೆಂಗಸು' ಎಂದು ಹೆಸರು. ನಾನು ಫ್ರೆಂಚಮ್ಮ ಎಂದೆ. ದೀಪ್ತಿ ನಕ್ಕು ನಕ್ಕು ರೆಕ್ಕೆ ಹಿಡಿದುಕೊಂಡಳು.

ಸಂಘದ ಅಧ್ಯಕ್ಷ ಸ್ಟೆಲ್ಲನ್, ಎಪ್ಪತ್ತೆರಡು ವರ್ಷ, ಈ ಊರಿನ ಅರ್ಧ ಕಂಪನಿಗಳ ಬಾಗಿಲು ಗೊತ್ತಿರುವ ಮನುಷ್ಯ. ಇತಿಹಾಸವನ್ನೆಲ್ಲ ಅವನೇ ಹೇಳಿದ. ಮೊದಲ ಮಾದರಿ ಚೆನ್ನಾಗಿ ಹಾರಿತು, ನೌಕಾಪಡೆ ಇಪ್ಪತ್ತನ್ನು ಆರ್ಡರ್ ಮಾಡಿತು. 1939ರಲ್ಲಿ ಅವು ಕೆಲಸಕ್ಕೆ ಬಂದ ಮೂರು ತಿಂಗಳಲ್ಲಿ ಐದು ವಿಮಾನಗಳು ರೆಕ್ಕೆ ಮುರಿದು ಬಿದ್ದವು. ಉಳಿದವನ್ನು ಮೂಲೆಗೆ ಹಾಕಿದರು.

"ಆದರೆ ನಾವು ಕಟ್ಟಿರುವುದು ಆ ಇಪ್ಪತ್ತರಲ್ಲಿ ಒಂದನ್ನಲ್ಲ, ಮೊದಲ ಮಾದರಿಯನ್ನು" ಎಂದು ಸ್ಟೆಲ್ಲನ್ ರೆಕ್ಕೆಯ ಬುಡವನ್ನು ತಟ್ಟಿದ. ನಾನೂ ತಟ್ಟಿದೆ. ತಟ್ಟುವುದರಿಂದ ಏನೂ ತಿಳಿಯುವುದಿಲ್ಲ, ಆದರೂ ಎಲ್ಲರೂ ತಟ್ಟುತ್ತಾರೆ.

ಫೆಬ್ರುವರಿ 24, ಸೋಮವಾರ

ಎರಡು ವಾರ ಶೆಡ್ಡಿನಲ್ಲೇ ಇದ್ದೆ. ಅಳೆದೆ, ಲೆಕ್ಕ ಹಾಕಿದೆ. ಇಷ್ಟು ಸುಖವಾಗಿ ಕೆಲಸ ಮಾಡಿ ವರ್ಷಗಳಾಗಿದ್ದವು. ರೆಕ್ಕೆಯನ್ನು ಮೈಗೆ ಸೇರಿಸುವ ಉಕ್ಕಿನ ಪಟ್ಟಿಗಳೇ ಎಲ್ಲಕ್ಕಿಂತ ನಾಜೂಕಿನ ಜಾಗ. ಅದು ತಾಳುವ ಬಲ, ಅದರ ಮೇಲೆ ಬೀಳುವ ಬಲದ ಕನಿಷ್ಠ ಒಂದೂವರೆ ಪಟ್ಟು ಇರಬೇಕು. ನೀರಿನ ಮೇಲೆ ಓಡಿ ಮೇಲೇಳುವುದಾದರೆ 1.62 ಬಂತು. ಸೊಗಸಾದ ಸಂಖ್ಯೆ. ಅವರ ವಿಮಾನಕ್ಕೆ ನೀರಿನಿಂದ ಹಾರಲು ಪರವಾನಗಿ ಸಿಗುತ್ತದೆ.

ಸ್ಟೆಲ್ಲನ್ ತುಂಬ ಖುಷಿಪಟ್ಟ. "ನಿನ್ನಂಥವನನ್ನು ಯಾರು ಬಿಟ್ಟರು? ನನ್ನ ಹಳೆಯ ಸ್ನೇಹಿತನೊಬ್ಬ ಇಲ್ಲೇ ಎಂಜಿನಿಯರಿಂಗ್ ಆಫೀಸ್ ನಡೆಸುತ್ತಾನೆ. ಮಾತಾಡುತ್ತೇನೆ" ಅಂದ. ಮನೆಗೆ ಬರುವಾಗ ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದೆ. ಎದುರು ಕೂತಿದ್ದ ಅಜ್ಜಿ ಸೀಟು ಬದಲಾಯಿಸಿದಳು.

ಮಾರ್ಚ್ 12, ಬುಧವಾರ

ಸಂಘದ ಸಭೆ. ಇಲ್ಲಿಯ ಸಭೆ ಅಂದರೆ ನಮ್ಮ ಮದುವೆಯಷ್ಟೇ ಶಾಸ್ತ್ರ. ಹನ್ನೊಂದೇ ಜನ ಇದ್ದರೂ ಅಧ್ಯಕ್ಷನನ್ನು ಆರಿಸಬೇಕು, ಬರೆಯುವವನನ್ನು ಆರಿಸಬೇಕು, ಬರೆದದ್ದು ಸರಿಯಿದೆಯೇ ಎಂದು ಓದಿ ಸಹಿ ಹಾಕುವ ಇನ್ನೊಬ್ಬನನ್ನೂ ಆರಿಸಬೇಕು. ಅವನಿಗೆ ಯುಸ್ತೆರಾರೆ ಎಂದು ಹೆಸರು. ಹೊಸಬ ಎಂಬ ಪ್ರೀತಿಗೆ ಆ ಪಟ್ಟ ಇವತ್ತು ನನಗೆ ಕಟ್ಟಿದರು. ಚಪ್ಪಾಳೆ ಕೂಡ ಬಿತ್ತು.

ಆಮೇಲೆ ಸ್ಟೆಲ್ಲನ್ ಎದ್ದು ನಿಂತು, ಫ್ರೆಂಚಮ್ಮನನ್ನು ನೀರಿನಿಂದ ಹಾರಿಸಿದರೆ ಅವಳು ಎಲ್ಲ ನೀರುವಿಮಾನಗಳಂತೆ ಇನ್ನೊಂದು ಅಷ್ಟೇ, ಅವಳು ಹುಟ್ಟಿದ ಕಾರಣಕ್ಕೆ ತಕ್ಕಂತೆ ಅವಳನ್ನು ಚಿಮ್ಮಿಸಬೇಕು ಅಂದ. ಮರಳು ಸಾಗಿಸುವ ಹಳೆಯ ಚಪ್ಪಟೆ ದೋಣಿ, ಬಾರ್ಜ್, ಒಂದು ಸಿಕ್ಕಿದೆಯಂತೆ. ಅದರ ಮೇಲೆ ಹಳಿ, ಹಳಿಯ ಮೇಲೆ ಗಾಡಿ, ಒತ್ತಿ ತುಂಬಿದ ಗಾಳಿಯಿಂದ ಗಾಡಿಯನ್ನು ಒಮ್ಮೆಲೇ ತಳ್ಳುವ ಯಂತ್ರ. ಮೇ ಕೊನೆಯಲ್ಲಿ ಒಂದು ಪರೀಕ್ಷೆ, ಜೂನ್ ಆರರ ರಾಷ್ಟ್ರೀಯ ದಿನ ಊರವರ ಎದುರು ಇನ್ನೊಂದು. ಪೈಲಟ್ ದೀಪ್ತಿ.

ನನ್ನ 1.62 ನೀರಿನ ಮೇಲಿನ ಓಟಕ್ಕೆ ಮಾತ್ರ. ಹೀಗೆ ಒಮ್ಮೆಲೇ ತಳ್ಳಿದರೆ ರೆಕ್ಕೆಗಳು ಹಿಂದಕ್ಕೆ ಜಗ್ಗುತ್ತವೆ, ಜಗ್ಗುವುದೆಲ್ಲ ಆ ಪಟ್ಟಿಗಳ ಮೇಲೆ ಬೀಳುತ್ತದೆ. ಮನಸ್ಸಿನಲ್ಲೇ ಅಂದಾಜು ಮಾಡಿದೆ, ಒಂದೂಕಾಲು ದಾಟುವುದು ಕಷ್ಟ.

ಸ್ಟೆಲ್ಲನ್ ನನ್ನ ಕಡೆ ತಿರುಗಿ, "ಲೆಕ್ಕ ನಮ್ಮ ಎಂಜಿನಿಯರ್ ನೋಡಿಕೊಳ್ಳುತ್ತಾರೆ. ಹೀಗೇ ನಿರ್ಧರಿಸಬಹುದೇ? ಯಾರದಾದರೂ ವಿರೋಧ?" ಎಂದು ಕೇಳಿದ. ಎಪ್ಪತ್ತೆರಡರ ಹಿರಿಯ, ಎಲ್ಲರ ಎದುರು, ಒಂಬತ್ತು ವರ್ಷದ ಕನಸು. ಬೆಂಗಳೂರಿನಲ್ಲಿ ನಾವು ದೊಡ್ಡವರ ಮಾತನ್ನು ಸಭೆಯಲ್ಲಿ ಕತ್ತರಿಸುವುದಿಲ್ಲ. ಆಮೇಲೆ ಕ್ಯಾಬಿನ್ನಿಗೆ ಹೋಗಿ, ಬಾಗಿಲು ಹಾಕಿ, "ಸರ್, ಒಂದು ಸಣ್ಣ ಪ್ರಾಬ್ಲಮ್" ಎಂದು ಶುರುಮಾಡುತ್ತೇವೆ. ಹಾಗೇ ಮಾಡೋಣ ಎಂದುಕೊಂಡು ಸುಮ್ಮನೆ ಕೂತೆ. ಸ್ಟೆಲ್ಲನ್ ಮರದ ಸುತ್ತಿಗೆಯಿಂದ ಮೇಜನ್ನು ಟಕ್ ಎಂದು ಕುಟ್ಟಿದ.

ಮಾರ್ಚ್ 13, ಗುರುವಾರ

ಸ್ಟೆಲ್ಲನ್‌ಗೆ ಫೋನ್ ಮಾಡಿದೆ. ಕೋಪಿಸಿಕೊಳ್ಳಲಿಲ್ಲ, ಅದೇ ಕಷ್ಟ. ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಆದರೆ ನೀನು ಅಲ್ಲೇ ಇದ್ದೆ. ವಿರೋಧ ಇದೆಯೇ ಎಂದು ಕೇಳಿದೆನಲ್ಲ" ಎಂದು ಮೂರು ಸಲ ಹೇಳಿದ. ಇಲ್ಲಿ ಕೇಳಿದಾಗ ಸುಮ್ಮನಿದ್ದರೆ ಒಪ್ಪಿದಂತೆ. ಒಪ್ಪಿದ ಮೇಲೆ ಬೇಡ ಅಂದವನನ್ನು ನಂಬಿಕಸ್ತನಲ್ಲ ಅನ್ನುತ್ತಾರೆ. ಆರು ವರ್ಷದಿಂದ ಈ ದೇಶದಲ್ಲಿದ್ದೇನೆ, ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾಲಿಗೆ ಮಾತ್ರ ಬೆಂಗಳೂರಿನದೇ.

ಕೊನೆಗೆ ಅವನು, "ಲೆಕ್ಕ ಹಾಕು, ಆಮೇಲೆ ನೋಡೋಣ" ಅಂದ. ಸರಿ. ಲೆಕ್ಕ ನನ್ನ ಕೈಯಲ್ಲಿದೆ. ಸಂಖ್ಯೆ ಬರದಿದ್ದರೆ ನಾನು ಬರೆದುಕೊಡುವುದಿಲ್ಲ, ನಾನು ಬರೆದುಕೊಡದಿದ್ದರೆ ಬಾರ್ಜಿನಿಂದ ಚಿಮ್ಮಿಸಲು ಪರವಾನಗಿ ಇಲ್ಲ.

ಮಾರ್ಚ್ 18, ಮಂಗಳವಾರ

ಸಭೆಯ ವರದಿ ಬಂತು, ಯುಸ್ತೆರಾರೆಯ ಸಹಿಗೆ. "ಎಂಜಿನಿಯರ್ ಉಪಸ್ಥಿತರಿದ್ದರು. ಯಾರೂ ವಿರೋಧಿಸಲಿಲ್ಲ." ಮೂರು ಸಲ ಓದಿದೆ. ಒಂದು ಅಕ್ಷರವೂ ಸುಳ್ಳಲ್ಲ. ಸಹಿ ಹಾಕದಿರಲು ಯಾವ ಕಾರಣವೂ ಸಿಗಲಿಲ್ಲ, ಹಾಕಿದೆ.

ಮಾರ್ಚ್ 20, ಗುರುವಾರ

1.24.

ಏಪ್ರಿಲ್ 2, ಬುಧವಾರ

ಶೆಡ್ಡಿನಲ್ಲಿ ಫಿಕಾ, ಅಂದರೆ ಎಲ್ಲರೂ ಕೂತು ಕಾಫಿ ಕುಡಿಯುವ ಹೊತ್ತು. ಬೆಂಗ್ಟ್ ಎಂಬ ಬೆಸುಗೆಯವನ ಪಕ್ಕ ಕೂತಿದ್ದೆ. ಮಾತು ಕಡಿಮೆ, ಕೈ ಒಳ್ಳೆಯದು. ಇದ್ದಕ್ಕಿದ್ದಂತೆ ತನ್ನ ಕಾಫಿಯನ್ನೇ ನೋಡುತ್ತ, "ಎಡಗಡೆಯ ಪಟ್ಟಿಯಲ್ಲಿ ಒಂದು ತೂತು ತಪ್ಪಿ ಕೊರೆದಿದ್ದೆ. ನಾಲ್ಕು ವರ್ಷ ಆಯ್ತು. ಬೆಸುಗೆ ಹಾಕಿ ಮುಚ್ಚಿ ಪಕ್ಕದಲ್ಲೇ ಹೊಸದು ಕೊರೆದೆ" ಅಂದ.

"ಸ್ಟೆಲ್ಲನ್‌ಗೆ ಗೊತ್ತಾ?"

"ನೀರಿನಿಂದ ಹಾರೋದು ಅಂತ ಇತ್ತಲ್ಲ ಆಗ. ಹೇಳೋ ಅಷ್ಟು ದೊಡ್ಡದು ಅನ್ನಿಸಲಿಲ್ಲ."

ಬೆಸುಗೆ ಬಿದ್ದ ಕಡೆ ಉಕ್ಕು ಹಳೆಯ ಉಕ್ಕಲ್ಲ. ಮನೆಗೆ ಬಂದು ಮತ್ತೆ ಹಾಕಿದೆ. 1.08. ಅಂದರೆ ತಾಳುವುದಕ್ಕೂ ಮುರಿಯುವುದಕ್ಕೂ ನಡುವೆ ಕಾಗದದಷ್ಟು ಜಾಗ. ಬರೆದುಕೊಡುವುದಿಲ್ಲ. ನಾಳೆಯೇ ಸ್ಟೆಲ್ಲನ್‌ಗೆ ಹೇಳುತ್ತೇನೆ.

ಏಪ್ರಿಲ್ 3, ಗುರುವಾರ

ಹೇಳಬೇಕು ಅಂತ ಫೋನ್ ಮಾಡಿದರೆ ಅವನೇ ಮೊದಲು ಮಾತಾಡಿದ. ಸ್ನೇಹಿತನ ಆಫೀಸಿನಲ್ಲಿ ಹದಿನೈದನೇ ತಾರೀಕು ನನಗೆ ಇಂಟರ್‌ವ್ಯೂ. "ನಿನ್ನ ಬಗ್ಗೆ ಒಂದೇ ಮಾತು ಹೇಳಿದ್ದೇನೆ, ಈ ಮನುಷ್ಯ ಕೈಕೊಡುವುದಿಲ್ಲ ಅಂತ." ಥ್ಯಾಂಕ್ಸ್ ಹೇಳಿದೆ. ಬೇರೆ ವಿಷಯಕ್ಕೆ ಸಮಯ ಸಿಗಲಿಲ್ಲ. ಇಂಟರ್‌ವ್ಯೂ ಮುಗಿಯಲಿ.

ಏಪ್ರಿಲ್ 16, ಬುಧವಾರ

ಇಂಟರ್‌ವ್ಯೂ ಚೆನ್ನಾಯಿತು. ಫ್ರೆಂಚಮ್ಮನ ಬಗ್ಗೆಯೇ ಅರ್ಧ ಗಂಟೆ ಕೇಳಿದರು. ಜೂನ್ ಆರಕ್ಕೆ ಇಡೀ ಆಫೀಸು ನೋಡಲು ಬರುತ್ತದಂತೆ.

ಲೆಕ್ಕವನ್ನು ತಣ್ಣಗೆ ಕೂತು ಮತ್ತೆ ನೋಡಿದೆ. ಬೆಂಗ್ಟ್ ನಲವತ್ತು ವರ್ಷ ಹಡಗು ಬೆಸೆದವನು. ಅವನ ಬೆಸುಗೆಯನ್ನು ನಾನು ಯಾವುದೋ ಹೊಸ ಹುಡುಗನ ಬೆಸುಗೆಯಂತೆ ಎಣಿಸಿಬಿಟ್ಟಿದ್ದೆ, ಅದು ಅವನಿಗೆ ಮಾಡುವ ಅವಮಾನ. ಬೆಸುಗೆಯನ್ನು ಪೂರ್ತಿ ಬಲದ್ದೆಂದೇ ಹಿಡಿದರೆ ಮತ್ತೆ 1.24.

ಮೇ 4, ಭಾನುವಾರ

ಒಂದು ವಾರದಿಂದ ತಲೆಕೆಡಿಸಿಕೊಂಡಿದ್ದು ಇವತ್ತು ಬಗೆಹರಿಯಿತು. ಒತ್ತಿದ ಗಾಳಿಯನ್ನು ಪೂರ್ತಿ ಬಿಡಬೇಕೆಂದು ಯಾರು ಹೇಳಿದರು? ಎದುರು ಗಾಳಿ ಚೆನ್ನಾಗಿದ್ದರೆ ಮೆಲ್ಲಗೆ ತಳ್ಳಿದರೂ ವಿಮಾನ ಏಳುತ್ತದೆ. ಮೆಲ್ಲಗೆ ತಳ್ಳುವುದೆಂದು ಇಟ್ಟುಕೊಂಡರೆ 1.50 ಬರುತ್ತದೆ, ಸರಿಯಾಗಿ. ಸ್ಟೆಲ್ಲನ್‌ಗೆ ಹೇಳಿದೆ, "ಖಂಡಿತ, ಖಂಡಿತ" ಅಂದ. ಪತ್ರ ಬರೆದು, ಸಹಿ ಮಾಡಿ ಕಳಿಸಿದೆವು. ಎದುರು ಗಾಳಿಯ ಮಾತನ್ನು ಪತ್ರದಲ್ಲಿ ಸೇರಿಸಿಲ್ಲ, ಅದು ನಮ್ಮೊಳಗಿನ ತಿಳುವಳಿಕೆ. ತೂತಿನ ವಿಷಯ ಎತ್ತಿ ಬೆಂಗ್ಟ್‌ನ ಮುಖ ಸಪ್ಪಗೆ ಮಾಡುವುದರಲ್ಲಿ ಅರ್ಥವಿಲ್ಲ.

ಸಂಜೆ ದೀಪ್ತಿ ಮನೆಗೆ ಬಂದಿದ್ದಳು. ಅದಿತಿಯ ಚಿತ್ರಾನ್ನ ಎರಡು ಸಲ ಹಾಕಿಸಿಕೊಂಡಳು. ಅವನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇಬ್ಬರೂ ಸ್ವೀಡಿಷ್‌ನಲ್ಲಿ ಏನೋ ಗುಸುಗುಸು. ಹೊರಡುವಾಗ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತ ಕೇಳಿದಳು.

"ಅಂಕಲ್, ಅಮ್ಮ ಸ್ವಲ್ಪ ಟೆನ್ಷನ್ ಮಾಡ್ಕೊಂಡಿದ್ದಾರೆ. ಆ ಐದು ವಿಮಾನದ ಕತೆ ಎಲ್ಲೋ ಓದಿಬಿಟ್ಟಿದ್ದಾರೆ. ನಾನು ಹೇಳಿದೆ, ಲಕ್ಷ್ಮೀನಾರಾಯಣ ಅಂಕಲ್ ನೋಡಿದ್ದಾರೆ, ಅವರು ಬೇಡ ಅಂದಿದ್ರೆ ನಾನು ಹತ್ತುತ್ತಾನೇ ಇರಲಿಲ್ಲ ಅಂತ. ಸರಿ ಅಲ್ವಾ?"

"ಸರಿ ಮಗು. ಧೈರ್ಯವಾಗಿ ಹೋಗು" ಅಂದೆ. ಒಳ್ಳೆಯ ಹುಡುಗಿ. ಹಿರಿಯರ ಮಾತಿಗೆ ಇಷ್ಟು ಬೆಲೆ ಕೊಡುವವರು ಇಲ್ಲಿ ಹುಟ್ಟಿ ಬೆಳೆದವರಲ್ಲಿ ಕಡಿಮೆ.

ಮೇ 22, ಗುರುವಾರ

ಕೆಲಸ ಸಿಕ್ಕಿತು! ಗಡುವಿಗೆ ಆರು ದಿನ ಇರುವಾಗ. ಅದಿತಿ ಅತ್ತಳು. ನಾನೂ. ಮಗಳಿಗೆ ಪಿಜ್ಜಾ.

ಮೇ 31, ಶನಿವಾರ

ಹಾರಿದಳು! ನಮ್ಮ ಫ್ರೆಂಚಮ್ಮ ಹಾರಿದಳು.

ಬೆಳಿಗ್ಗೆಯಿಂದ ಸರೋವರದ ಕಡೆಯಿಂದ ಭರ್ಜರಿ ಗಾಳಿ. ತಳ್ಳುವ ಯಂತ್ರದ ಒತ್ತಡ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಟ್ಟರೂ ಸಾಕಾಯಿತು. ಬಾವುಟ ಬೀಸುವ ಕೆಲಸ ಮಗಳು ಅವನಿಯದು. ಹಳಿಯ ಪಕ್ಕ, ಬಾರ್ಜಿನ ಮೇಲೆಯೇ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ನಿಂತಿದ್ದಳು. ಅವಳು ಬಾವುಟ ಇಳಿಸಿದ್ದೇ ತಡ, ಢಬ್ ಎಂದಿತು, ನೋಡುವಷ್ಟರಲ್ಲಿ ವಿಮಾನ ನೀರಿನ ಮೇಲೆ, ಆಮೇಲೆ ಮರಗಳ ಮೇಲೆ. ದೀಪ್ತಿ ಎರಡು ಸುತ್ತು ಹಾಕಿ ಬೆಣ್ಣೆಯ ಹಾಗೆ ನೀರಿಗೆ ಇಳಿಸಿದಳು. ಮಾಲತಿ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ಸ್ಟೆಲ್ಲನ್ ನನ್ನನ್ನು ತಬ್ಬಿಕೊಂಡ. ಸ್ವೀಡನ್ನಿನವನು ತಬ್ಬಿಕೊಳ್ಳಬೇಕಾದರೆ ಎಂಥ ದಿನ ಇರಬೇಕು!

ಮಾರ್ಚಿನಲ್ಲಿ ಏನೇನೋ ಬರೆದಿದ್ದೆನಲ್ಲ ಎಂದು ಹಿಂದಿನ ಪುಟ ತಿರುಗಿಸಿದೆ. ಕೆಲಸ ಹೋದ ಹೊತ್ತು, ಮನಸ್ಸು ಸರಿಯಿರಲಿಲ್ಲ. ಎಲ್ಲದರಲ್ಲೂ ಮುರಿಯುವುದೇ ಕಾಣುತ್ತಿತ್ತು.

ಜೂನ್ 2, ಸೋಮವಾರ

ಹೊಸ ಆಫೀಸಿನ ಮೊದಲ ದಿನ. ಒಳ್ಳೆಯ ಕುರ್ಚಿ, ಕಿಟಕಿಯಾಚೆ ನದಿ.

ಬರುವಾಗ ಶೆಡ್ಡಿಗೆ ಹೋಗಿದ್ದೆ. ಯಾರೂ ಇರಲಿಲ್ಲ. ಟಾರ್ಚ್ ಹಿಡಿದು ರೆಕ್ಕೆಗಳ ಬುಡ ನೋಡಿದೆ. ಬಲಗಡೆ ಏನೂ ಇಲ್ಲ. ಎಡಗಡೆಯ ಪಟ್ಟಿಯಲ್ಲಿ, ಹಳೆಯ ತೂತಿನ ಹತ್ತಿರ, ಬಣ್ಣದ ಮೇಲೆ ಒಂದು ಗೆರೆ. ಕೂದಲಿನಷ್ಟು ತೆಳು, ನನ್ನ ಉಗುರಿನಷ್ಟು ಉದ್ದ. ಬೆರಳಿನಿಂದ ಒರೆಸಿದೆ, ಹೋಗಲಿಲ್ಲ. ಉಗುಳು ಹಚ್ಚಿ ಒರೆಸಿದೆ. ಹೋಗಲಿಲ್ಲ. ಬಣ್ಣ ಒಣಗಿ ಬಿರಿದಿರಬೇಕು. ಬಣ್ಣ ಬಿರಿಯುವುದು ಇದ್ದದ್ದೇ.

ಜೂನ್ 5, ಗುರುವಾರ

ಹವಾಮಾನ ನೋಡಿ ಸ್ಟೆಲ್ಲನ್ ಫೋನ್ ಮಾಡಿದ. ನಾಳೆ ಬಿಸಿಲು, ಗಾಳಿಯೇ ಇಲ್ಲ. ಜನರಿಗೆ ಒಳ್ಳೆಯದು. ಎದುರು ಗಾಳಿ ಇಲ್ಲದಿರುವುದರಿಂದ ಒತ್ತಡ ಪೂರ್ತಿ ಇಡಬೇಕಾಗುತ್ತದೆ. "ಏನಂತೀಯ?" ಎಂದು ಕೇಳಿದ. ಪಾಪ, ಕೇಳಿಯೇ ಕೇಳಿದ. ಕೊಮ್ಮೂನಿನವರು, ಅಂದರೆ ನಗರಸಭೆಯವರು, ಕುರ್ಚಿ ಹಾಕಿಸಿದ್ದಾರೆ, ಬ್ಯಾಂಡು ಬರುತ್ತದೆ, ನಮ್ಮ ಆಫೀಸಿನವರು ಎರಡನೇ ಸಾಲಿನಲ್ಲಿ ಕೂರುತ್ತಾರೆ. ಹಾರಿ ತೋರಿಸಿದ ವಿಮಾನ.

"ಸರಿ" ಅಂದೆ.

ಫೋನ್ ಇಟ್ಟ ಐದು ನಿಮಿಷಕ್ಕೆ ನಾನೇ ಮತ್ತೆ ಮಾಡಿದೆ. ಮಗಳಿಗೆ ಜ್ವರ, ನಾಳೆ ಬಾರ್ಜಿನ ಮೇಲೆ ಬಾವುಟಕ್ಕೆ ಬರುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದೆ. "ಅಯ್ಯೋ ಪಾಪ" ಅಂದ. ಬಾವುಟ ಬೆಂಗ್ಟ್ ಬೀಸುತ್ತಾನಂತೆ.

ಅವನಿ ಆಗ ಕೆಳಗೆ ಸೈಕಲ್ ಹೊಡೆಯುತ್ತಿದ್ದಳು. ನಾಳೆ ತುಂಬ ಜನ, ಗದ್ದಲ. ಮಕ್ಕಳಿಗೆ ಸುಸ್ತಾಗುತ್ತದೆ.

ಜೂನ್ 6, ಶುಕ್ರವಾರ

ಬೆಳಿಗ್ಗೆ 10.15

ಮನೆಯಲ್ಲಿದ್ದೇನೆ. ಅದಿತಿ ಅವನಿಯ ಹಣೆ ಮುಟ್ಟಿ ನೋಡಿ, "ರೀ, ಇವಳಿಗೆಲ್ಲಿ ಜ್ವರ? ತಣ್ಣಗಿದ್ದಾಳೆ" ಅಂದಳು. ಮಗು ಒಳಗೊಳಗೇ ಸುಸ್ತಾಗಿದೆ, ನಾನು ನೋಡಿಕೊಳ್ಳುತ್ತೇನೆ, ನೀನು ಹೋಗು ಎಂದೆ. ದಂಡೆಯ ಆ ಕೊನೆಯಲ್ಲಿ ಅವಳೂ ಮಾಲತಿಯೂ ಸೇರಿ ಕೋಸಂಬರಿ, ಪಕೋಡದ ಅಂಗಡಿ ಇಟ್ಟಿದ್ದಾರೆ, ಹೋಗಲೇಬೇಕು. ಅವಳು ಚಪ್ಪಲಿ ಹಾಕಿಕೊಂಡು ನಿಂತು ನನ್ನ ಮುಖವನ್ನೇ ನೋಡಿದಳು.

"ನಿಮ್ಮ ಆಫೀಸಿನವರೆಲ್ಲ ಬರ್ತಿದ್ದಾರೆ. ನೀವೇ ಇಲ್ಲ ಅಂದ್ರೆ ಏನು? ಏನಾದ್ರೂ ಇದ್ಯಾ?"

"ಏನಿಲ್ಲ."

"ಇದ್ರೆ ಹೇಳಿ. ಆ ಹುಡುಗಿ ಹತ್ತಿ ಕೂರ್ತಾಳೆ ಅದರಲ್ಲಿ."

"ಏನಿಲ್ಲ ಅಂದ್ನಲ್ಲ ಅದಿತಿ!" ಸ್ವಲ್ಪ ಜೋರಾಯಿತು. ಅವಳು ಹೋದಳು. ಬಾಗಿಲನ್ನು ಪೂರ್ತಿ ಎಳೆದುಕೊಳ್ಳಲಿಲ್ಲ, ನಾನೇ ಎದ್ದು ಹಾಕಿದೆ.

10.40

ಅವನಿ ಲೈಫ್ ಜಾಕೆಟ್ ಹಾಕಿಕೊಂಡು ಸೋಫಾದ ಮೇಲೆ ಕೂತಿದ್ದಾಳೆ. ಬಿಚ್ಚು ಎಂದರೆ ಬಿಚ್ಚುವುದಿಲ್ಲ. ಬ್ಯಾಂಡಿನ ಸದ್ದು ಇಲ್ಲಿಯವರೆಗೂ ಬರುತ್ತಿದೆ. ಬಾಲ್ಕನಿಯಿಂದ ನೋಡಿದೆ. ನೀರಿನಲ್ಲಿ ಒಂದು ಅಲೆಯೂ ಇಲ್ಲ, ಧ್ವಜ ಕಂಬಕ್ಕೆ ಅಂಟಿಕೊಂಡು ತೂಗುತ್ತಿದೆ.

ಕಳೆದ ಸಲದ ಲೆಕ್ಕವನ್ನು ಪೂರ್ತಿ ಒತ್ತಡಕ್ಕೆ ಮತ್ತೆ ಹಾಕಬಹುದು, ಹತ್ತು ನಿಮಿಷದ ಕೆಲಸ. ಕಂಪ್ಯೂಟರ್ ತೆಗೆದೆ, ಮುಚ್ಚಿದೆ. ಹಾಕಿದ್ದನ್ನು ಎಷ್ಟು ಸಲ ಹಾಕುವುದು? ಕಾಫಿ ಮಾಡಿದೆ. ಅರ್ಧ ಸ್ಟವ್ ಮೇಲೆ ಚೆಲ್ಲಿತು, ರಾತ್ರಿ ಸರಿಯಾಗಿ ನಿದ್ದೆ ಇರಲಿಲ್ಲ.

10.52

ದೀಪ್ತಿ ಫೋನ್ ಮಾಡಿದ್ದಳು, ಬಾರ್ಜಿನ ಮೇಲಿಂದಲೇ. ಹಿಂದೆ ಎಂಜಿನ್ ಬಿಸಿಯಾಗುವ ಸದ್ದು.

"ಅಂಕಲ್, ಅವನಿ ಹೇಗಿದ್ದಾಳೆ? ಸ್ಟೆಲ್ಲನ್ ಹೇಳಿದ. ಅಮ್ಮ ಸಂಜೆ ಸಾರು ತಂದುಕೊಡ್ತಾರಂತೆ."

"ಮಲಗಿದ್ದಾಳೆ."

"ಪಾಪ, ಅವಳದೇ ಬಾವುಟ ಅಂದ್ಕೊಂಡಿದ್ದೆ. ನೀವು ಇಲ್ಲಿ ಇದ್ದಿದ್ರೆ ಚೆನ್ನಾಗಿರ್ತಿತ್ತು. ಸೋಮವಾರ ನೀವು ಬಂದು ರೆಕ್ಕೆ ನೋಡಿಕೊಂಡು ಹೋದ್ರಿ ಅಂತ ಪಕ್ಕದ ದೋಣಿಯವರು ಹೇಳಿದ್ರು. ಎಲ್ಲ ಓಕೆ ತಾನೇ?"

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ. "ಅಂಕಲ್? ಕೇಳಿಸ್ತಿದ್ಯಾ?" ಅಂದಳು.

"ಕೇಳಿಸ್ತಿದೆ. ಎಲ್ಲ ಸರಿ ಇದೆ."

"ಥ್ಯಾಂಕ್ಸ್, ಅಂಕಲ್. ಸರಿ, ಹೊರಟೆ. ಪುಟ್ಟಿಗೆ ಹೇಳಿ, ನಿಮ್ಮ ಬಿಲ್ಡಿಂಗ್ ಮೇಲೇ ಒಂದು ಸುತ್ತು ಹಾಕ್ತೀನಿ. ಎದ್ದು ಬಾಲ್ಕನಿಗೆ ಬಂದು ಕೈ ಬೀಸಲಿ."

10.58

ಬ್ಯಾಂಡು ನಿಂತಿದೆ. ಅವಳ ನಂಬರು ಇಲ್ಲೇ ಕಾಣುತ್ತಿದೆ, ಮೇಲೆಯೇ ಇದೆ. ಎತ್ತುತ್ತಾಳೋ ಇಲ್ಲವೋ, ಹೆಲ್ಮೆಟ್ ಹಾಕಿಕೊಂಡಿರುತ್ತಾಳೆ. ಸ್ಟೆಲ್ಲನ್‌ಗೆ ಮಾಡಬಹುದು. ಏನೆಂದು ಹೇಳುವುದು?

ಅವನಿ ಬಂದು ಪಕ್ಕದಲ್ಲಿ ನಿಂತಿದ್ದಾಳೆ. ದೀಪ್ತಿಯ ಮಾತು ಅವಳಿಗೆ ಫೋನಿನಲ್ಲಿ ಕೇಳಿಸಿತ್ತು. ಬಾಲ್ಕನಿಗೆ ಹೋಗಿ ಕೈ ಬೀಸುತ್ತೇನೆ ಅನ್ನುತ್ತಿದ್ದಾಳೆ. "ಪಪ್ಪಾ, ನನಗೆ ಜ್ವರ ಇಲ್ಲ. ನೀನು ಯಾಕೆ ದೀಪ್ತಿಗೆ ಸುಳ್ಳು ಹೇಳಿದೆ?" ಎಂದು ಸ್ವೀಡಿಷ್‌ನಲ್ಲಿ ಕೇಳಿದಳು. ಆಮೇಲೆ, ನನಗೆ ಅರ್ಥವಾಗಲಿಲ್ಲವೆಂದುಕೊಂಡು, ತನ್ನ ಮುರುಕು ಕನ್ನಡದಲ್ಲಿ ಅದನ್ನೇ ಇನ್ನೊಂದು ಸಲ ಕೇಳಿದಳು.

ಎಂಜಿನ್ನಿನ ಸದ್ದು ಏರುತ್ತಿದೆ. ಬಾಲ್ಕನಿಯ ಬಾಗಿಲು ಹಾಕಿ, ಪರದೆ ಎಳೆದು, ಅವಳನ್ನು ಒಳಗಿನ ಕೋಣೆಗೆ ಕರೆದುಕೊಂಡು ಬಂದೆ. ಈ ಕೋಣೆಗೆ ಸರೋವರದ ಕಡೆ ಕಿಟಕಿಯಿಲ್ಲ.